ಹಾದುಹೋದವರ ಕಲ್ಲು, ಓದಲು ಬಂದವರ ಕಲ್ಲು

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ನ್ಯೂ ಮೆಕ್ಸಿಕೊ ರಾಜ್ಯದ ಎಲ್ ಮೊರೊ ಎಂಬ ಸ್ಥಳವನ್ನು ನೋಡುವ ಅವಕಾಶ ಒದಗಿತು. ರಸ್ತೆಗೆ ಸಮೀಪದಲ್ಲೇ ಎದ್ದು ನಿಂತ ಮರಳುಗಲ್ಲಿನ ಬೃಹತ್ ಬಂಡೆ ಅದು. ಬುಡದಲ್ಲೊಂದು ನೀರಿನ ಹೊಂಡ. ನೀರಿಗಾಗಿ ಅಲ್ಲಿ ತಂಗಿದ ದಾರಿಹೋಕರು ಬಂಡೆಯ ಮೇಲೆ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಸ್ಪೇನ್ ದೊರೆಯ ಪ್ರತಿನಿಧಿಯಾಗಿದ್ದ ಹುವಾನ್ ದೆ ಒನ್ಯಾತೆಯ ಬರಹವೂ ಅವುಗಳಲ್ಲಿ ಒಂದು. ಅದರ ದಿನಾಂಕ 1605ರ ಏಪ್ರಿಲ್ 16. ದಕ್ಷಿಣದ ಸಮುದ್ರವನ್ನು ಕಂಡು ಹಿಂದಿರುಗುವಾಗ ತಾನು ಈ ದಾರಿಯಾಗಿ ಹಾದುಹೋದೆ ಎಂಬುದಷ್ಟೇ ಅದರ ಸಾರ. ಇಂಥ ಬರಹಗಳಿರುವ ಕಾರಣಕ್ಕೆ 1906ರಲ್ಲಿಯೇ ಆ ಬಂಡೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಅದರ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣಕ್ಕೆ ಸಮೀಪದ ಸಾಲೋಟಗಿ. ಅಲ್ಲಿಯ ಕಂಬದ ಶಾಸನದ ಕಾಲ ಕ್ರಿ.ಶ. 945, ಅಂದರೆ ಒನ್ಯಾತೆಯ ಬರಹಕ್ಕಿಂತ 660 ವರ್ಷ ಹಳೆಯದು. ಆಗ ಆ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ ಭೂಮಿ. ಇಷ್ಟೇ ಅಲ್ಲ, ಊರಿನಲ್ಲಿ ಮದುವೆಯಾದರೆ 5, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಸಲ್ಲಿಸಬೇಕಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಬರಿಯ ದಾನಶಾಸನವಾಗಿ ಕಾಣುವುದಿಲ್ಲ. ಭೂಮಿಯ ಉತ್ಪನ್ನ ಮತ್ತು ಸ್ಥಳೀಯ ಕರ ಎರಡನ್ನೂ ಜೋಡಿಸಿದ ಶಿಕ್ಷಣದ ಆಯವ್ಯಯ ಪತ್ರವಾಗಿ ಕಾಣುತ್ತದೆ.

ಎರಡೂ ಕಲ್ಲುಗಳು ದೂರದಿಂದ ಬಂದವರ ಕುರಿತಾದವೇ. ಒಂದು ಹಾದುಹೋದವನ ಕಲ್ಲು. ಇನ್ನೊಂದು ಓದಲು ಬಂದು ನಿಂತವರ ಕಲ್ಲು. ಒನ್ಯಾತೆಯ ಪಡೆ 1599ರಲ್ಲಿ ಆಕೋಮಾ ಎಂಬ ಮೂಲನಿವಾಸಿಗಳ ಊರಿನಲ್ಲಿ ನೂರಾರು ಜನರನ್ನು ಕೊಂದಿತ್ತು. ಉಳಿದ ಗಂಡಸರಲ್ಲಿ 25 ವರ್ಷ ಮೀರಿದವರ ಒಂದು ಪಾದ ಕತ್ತರಿಸುವ ಶಿಕ್ಷೆಯನ್ನು ಆತ ವಿಧಿಸಿದ್ದ. 1990ರ ದಶಕದ ಕೊನೆಯಲ್ಲಿ ಅದೇ ರಾಜ್ಯದಲ್ಲಿದ್ದ ಅವನ ಪ್ರತಿಮೆಯ ಪಾದವನ್ನು ಯಾರೋ ಕತ್ತರಿಸಿದರು. 2020ರಲ್ಲಿ ಪ್ರತಿಮೆಯನ್ನೇ ತೆರವುಗೊಳಿಸಬೇಕಾಯಿತು. ಆದರೂ ಬಂಡೆಯ ಮೇಲಿನ ಬರಹವನ್ನು ಯಾರೂ ಅಳಿಸಿಲ್ಲ. ಮೂಲನಿವಾಸಿಗಳು ಅದಕ್ಕೂ ಮೊದಲೇ ಕೊರೆದ ಚಿತ್ರಗಳೊಂದಿಗೆ ಅದೂ ಉಳಿದಿದೆ.

ನಮ್ಮ ಕಲ್ಲುಗಳೂ ಪ್ರಶ್ನಾತೀತವಲ್ಲ. ಸಾಲೋಟಗಿಯ ಶಾಲೆ ಎಲ್ಲರಿಗೂ ತೆರೆದದ್ದಾಗಿರಲಿಲ್ಲ. ಉಪನಯನಕ್ಕೆ ಕಾಣಿಕೆ ನಿಗದಿಯಾಗಿದ್ದ ಇದೇ ಸೀಮೆಯ ಬಾಗೇವಾಡಿಯಲ್ಲಿ, ಎರಡು ಶತಮಾನಗಳ ತರುವಾಯ ಹುಟ್ಟಿದ ಬಸವಣ್ಣನವರು ಉಪನಯನವನ್ನೇ ನಿರಾಕರಿಸಿದರೆಂಬ ಪ್ರತೀತಿಯಿದೆ. ಆ ನಿರಾಕರಣೆಯ ತೂಕ ತಿಳಿಯಬೇಕಾದರೂ ಸಾಲೋಟಗಿಯ ಕಂಬ ಇರಬೇಕು.

ಇಷ್ಟೆಲ್ಲ ಬರೆಯುವ ನನ್ನ ಕೈ ಶುದ್ಧವಾಗಿಲ್ಲ. 1980ರ ದಶಕದ ಬರಗಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪರಿಹಾರ ಕಾಮಗಾರಿಗಳ ತಪಾಸಣೆ ನನ್ನ ಪಾಲಿಗೆ ಬಂದಿತ್ತು. ಒಂದು ಹಳ್ಳಿಯಲ್ಲಿ ಕಿರುಸೇತುವೆಗೆ ಚಪ್ಪಡಿ ಹಾಸಿದ್ದರು. ವೃದ್ಧರೊಬ್ಬರು ಬಳಿಗೆ ಬಂದು, “ಸಾಹೇಬ್ರ, ಆ ಕಲ್ಲಿನ ಮ್ಯಾಲ ಅಕ್ಷರ ಅದಾವ್ರಿ, ಬೋರಲು ಹಾಕ್ಯಾರ” ಎಂದರು. ಮಾರ್ಚ್ 31ಕ್ಕೆ ಎರಡೇ ದಿನ ಉಳಿದಿದ್ದವು. ಕೂಲಿಕಾರರ ಹಣ ಸಂದಾಯವಾಗಬೇಕಿತ್ತು. ನೋಡೋಣ ಎಂದು ಹೇಳಿ, ಕಾಮಗಾರಿ ತೃಪ್ತಿಕರವೆಂದು ಸಹಿ ಹಾಕಿದೆ. ಮತ್ತೆ ನೋಡಲಿಲ್ಲ.

ಕರ್ನಾಟಕದಲ್ಲಿ 1961ರಿಂದಲೇ ಪ್ರಾಚೀನ ಸ್ಮಾರಕಗಳ ಕಾಯಿದೆಯಿದೆ. ಆದರೆ ಅದರ ರಕ್ಷಣೆ ದೊರೆಯುವುದು ಘೋಷಿತ ಸ್ಮಾರಕಗಳಿಗೆ. ಊರ ಅಗಸೆಗೆ ಒರಗಿದ ವೀರಗಲ್ಲು, ಹೊಲದ ಬದುವಿನಲ್ಲಿ ಅರ್ಧ ಹೂತ ಶಾಸನ ಇವು ಬಹುಪಾಲು ಆ ಪಟ್ಟಿಯ ಹೊರಗೇ ಉಳಿದಿವೆ. ರಸ್ತೆ ಅಗಲಗೊಳಿಸುವ ಯಂತ್ರಕ್ಕೆ ಅವು ಬರಿಯ ಕಲ್ಲುಗಳು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಕಾಮಗಾರಿಗೆ ಟೆಂಡರ್ ಕರೆಯುವ ಮೊದಲು ಗ್ರಾಮದ ಕಂದಾಯ ಸಿಬ್ಬಂದಿ ಮತ್ತು ಶಾಲೆಯ ಶಿಕ್ಷಕರು ಕೂಡಿ ಊರಿನ ಬರಹದ ಕಲ್ಲುಗಳ ಛಾಯಾಚಿತ್ರ ತೆಗೆದು, ಸರ್ವೆ ನಂಬರಿನೊಂದಿಗೆ ದಾಖಲಿಸಲಿ. ಕಲ್ಲನ್ನು ಜೋಪಾನವಾಗಿ ಸ್ಥಳಾಂತರಿಸುವ ವೆಚ್ಚ ಅಂದಾಜುಪಟ್ಟಿಯಲ್ಲೇ ಸೇರಲಿ. ಸೊಲ್ಲಾಪುರ–ವಿಜಯಪುರ ಹೆದ್ದಾರಿಯಿಂದ ಇಂಡಿಗೆ ತಿರುಗುವಲ್ಲಿ ಒಂದು ಕಲ್ಲು ನಿಲ್ಲಲಿ. ಸಾವಿರ ವರ್ಷಗಳ ಹಿಂದೆ ಹಲವು ನಾಡುಗಳ ಮಕ್ಕಳು ಓದಲು ಬರುತ್ತಿದ್ದ ಊರು ಈ ದಾರಿಯಲ್ಲಿದೆ ಎಂದು ತಿಳಿಗನ್ನಡದಲ್ಲಿ ಅದು ಹೇಳಿದರೆ ಸಾಕು.

ನಿವೃತ್ತನಾದ ಮೇಲೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬಾಂಬೆ-ಕರ್ನಾಟಕ ಶಾಸನಗಳ ಸಂಪುಟಗಳನ್ನು ತರಿಸಿ, ನಾನು ಸಹಿ ಹಾಕಿದ ಆ ಹಳ್ಳಿಯ ಹೆಸರನ್ನು ಹುಡುಕಿದೆ. ಸಿಗಲಿಲ್ಲ. ಆ ಕಲ್ಲಿನಲ್ಲಿ ಯಾರು ಏನನ್ನು ಕೊಟ್ಟರೋ, ಯಾರು ಯಾರಿಗಾಗಿ ಸತ್ತರೋ, ಅದನ್ನು ಬರೆದಿಟ್ಟುಕೊಂಡವರು ಯಾರೂ ಇದ್ದಂತಿಲ್ಲ. ಓದುವ ಮೊದಲೇ ಬೋರಲು ಹಾಕಿದವರಲ್ಲಿ ನಾನೂ ಒಬ್ಬ.