ವಿದೇಶಿ ಪ್ರಾಣಿಪ್ರಯೋಗಕ್ಕೆ ಸರ್ಕಾರಿ ಅನುದಾನದ ನಿರ್ಬಂಧ: ತ್ಯಾಮಗೊಂಡ್ಲು ಭಾಗದ ಉದ್ದಿಮೆದಾರರು ಅರಿಯಬೇಕಾದುದು

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಗೆ ಹೊಂದಿಕೊಂಡಿರುವ ಸೋಂಪುರ ಹೋಬಳಿಯ ದೇವರಹೊಸಹಳ್ಳಿಯಲ್ಲಿ ಬಯೋನೀಡ್ಸ್ ಸಂಸ್ಥೆಯ ಪ್ರಯೋಗಾಲಯವಿದೆ. ಹೊಸ ಔಷಧ ಹಾಗೂ ರಾಸಾಯನಿಕಗಳನ್ನು ಮಾನವರಲ್ಲಿ ಬಳಸುವ ಮುನ್ನ ಪ್ರಾಣಿಗಳಲ್ಲಿ ಪರೀಕ್ಷಿಸಿ ವರದಿ ನೀಡುವುದು ಇಂತಹ ಸಂಸ್ಥೆಗಳ ಕಾರ್ಯ. ಪಂಜರ, ಮೇವು, ಹಾಸು, ಕೈಗವಸು, ಶೈತ್ಯೀಕರಣ ಯಂತ್ರಗಳ ದುರಸ್ತಿ ಮುಂತಾದವುಗಳಿಗೆ ಈ ಕ್ಷೇತ್ರವು ಸಣ್ಣ ಸರಬರಾಜುದಾರರನ್ನು ಅವಲಂಬಿಸಿದೆ. ಆದ್ದರಿಂದ ವಿದೇಶಗಳಲ್ಲಿ ನಡೆಯುವ ಪ್ರಾಣಿಪ್ರಯೋಗಗಳಿಗೆ ಅಮೆರಿಕ ಸರ್ಕಾರವು ನೀಡುವ ಹಣದ ಕುರಿತ ಚರ್ಚೆಯು ಸ್ಥಳೀಯ ವರ್ತಕರಿಗೂ ಸಂಬಂಧಿಸಿದ್ದಾಗಿದೆ.

ನಿರ್ಬಂಧದ ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2011ರಿಂದ 2021ರವರೆಗಿನ ಹಣಕಾಸು ವರ್ಷಗಳಲ್ಲಿ ಪ್ರಾಣಿಪ್ರಯೋಗವನ್ನು ಒಳಗೊಂಡ ಯೋಜನೆಗಳಿಗಾಗಿ ವಿದೇಶಿ ಸಂಸ್ಥೆಗಳಿಗೆ ಸುಮಾರು 220 ಕೋಟಿ ಡಾಲರ್ ನೀಡಿತ್ತೆಂದು ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯು 2023ರಲ್ಲಿ ವರದಿ ಮಾಡಿತು. ಅನುದಾನ ಪಡೆದ ಸಂಸ್ಥೆಗಳು ತಾವೇ ನೀಡುವ ಮಾಹಿತಿಯನ್ನೇ ಹೆಚ್ಚಾಗಿ ನಂಬಲಾಗುತ್ತಿದೆ ಎಂಬುದು ಅದರ ಮುಖ್ಯ ಆಕ್ಷೇಪಣೆ. ಅದೇ ವರ್ಷ ಮಂಡನೆಯಾದ ಮಸೂದೆಯೊಂದು ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ ಮೊದಲಾದ ದೇಶಗಳಲ್ಲಿನ ಪ್ರಾಣಿಪ್ರಯೋಗಗಳಿಗೆ ಇಂತಹ ಹಣವನ್ನು ನಿಷೇಧಿಸಲು ಉದ್ದೇಶಿಸಿತ್ತು. ಅದರ ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. ಆದರೆ 2025ರ ಮೇ 1ರಂದು ಆರೋಗ್ಯ ಸಂಸ್ಥೆಯು ಪ್ರಕಟಿಸಿದ ನೀತಿಯು ಯಾವುದೇ ದೇಶಕ್ಕೆ ಸೀಮಿತವಾಗಿರಲಿಲ್ಲ. ಅಮೆರಿಕದ ಸಂಸ್ಥೆಯೊಂದರ ಮೂಲಕ ವಿದೇಶಿ ಸಂಸ್ಥೆಗೆ ಉಪ ಅನುದಾನ ಹರಿಯುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಲೆಕ್ಕವನ್ನು ನೇರವಾಗಿ ಪರಿಶೀಲಿಸಬಹುದಾದ ವ್ಯವಸ್ಥೆಗೆ ಹೋಗುವುದು ಅದರ ಉದ್ದೇಶ.

ಅನುದಾನ ಬೇರೆ, ಶುಲ್ಕ ಬೇರೆ

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸರ್ಕಾರದ ಅನುದಾನವು ಪ್ರಧಾನವಾಗಿ ವಿಶ್ವವಿದ್ಯಾಲಯಗಳಿಗೂ ಸಂಶೋಧನಾ ಕೇಂದ್ರಗಳಿಗೂ ಸಲ್ಲುತ್ತದೆ. ಗುತ್ತಿಗೆ ಪ್ರಯೋಗಾಲಯಗಳ ವ್ಯವಹಾರವಾದರೋ ಮುಖ್ಯವಾಗಿ ಖಾಸಗಿ ಔಷಧ ಕಂಪನಿಗಳು ತೆರುವ ಶುಲ್ಕದಿಂದ ನಡೆಯುತ್ತದೆ. ಅನುದಾನ ನಿರ್ಬಂಧವು ಈ ಶುಲ್ಕವನ್ನು ನೇರವಾಗಿ ತಡೆಯುವುದಿಲ್ಲ. ಉತ್ತಮ ಪ್ರಯೋಗಾಲಯ ಪದ್ಧತಿಯ ಪ್ರಮಾಣಪತ್ರ ಪಡೆದ ಭಾರತೀಯ ಪ್ರಯೋಗಾಲಯಗಳ ಸುರಕ್ಷತಾ ವರದಿಗಳಿಗೆ 2011ರಿಂದ ಅಮೆರಿಕವೂ ಸೇರಿದಂತೆ ಒಇಸಿಡಿ ರಾಷ್ಟ್ರಗಳಲ್ಲಿ ಮಾನ್ಯತೆಯಿದೆ.

ಇದಕ್ಕಿಂತ ದೂರಗಾಮಿಯಾದುದು ಬೇಡಿಕೆಯ ಸ್ವರೂಪದಲ್ಲಿನ ಬದಲಾವಣೆ. ಔಷಧ ಅನುಮತಿಗೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಷರತ್ತನ್ನು ಅಮೆರಿಕವು 2022ರ ಡಿಸೆಂಬರ್‌ನಲ್ಲಿ ಕಾಯಿದೆಯ ಮೂಲಕ ಸಡಿಲಿಸಿತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಮಾನೋಕ್ಲೋನಲ್ ಪ್ರತಿಕಾಯ ಔಷಧಗಳಿಂದ ಆರಂಭಿಸಿ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ತಗ್ಗಿಸುವ ಯೋಜನೆಯನ್ನು ಘೋಷಿಸಿತು. ಭಾರತವೂ 2023ರ ತಿದ್ದುಪಡಿ ನಿಯಮಗಳ ಮೂಲಕ ಜೀವಕೋಶ ಆಧಾರಿತ ಹಾಗೂ ಕಂಪ್ಯೂಟರ್ ಆಧಾರಿತ ವಿಧಾನಗಳಿಗೆ ಅವಕಾಶ ಕಲ್ಪಿಸಿದೆ.

ಸರಬರಾಜುದಾರರು ಮಾಡಬೇಕಾದುದು

ಮೊದಲನೆಯದಾಗಿ, ದೊಡ್ಡ ಆದೇಶ ಸ್ವೀಕರಿಸುವ ಮುನ್ನ ಅದು ಅನುದಾನದ ಯೋಜನೆಗೆ ಸೇರಿದ್ದೋ, ಕಂಪನಿಯ ಶುಲ್ಕದ ಕೆಲಸಕ್ಕೋ ಎಂಬುದನ್ನು ಖರೀದಿ ವಿಭಾಗದಲ್ಲಿ ವಿಚಾರಿಸುವುದು ಉಚಿತ. ಅನುದಾನದ ಕೆಲಸವಾದಲ್ಲಿ ಸರಕನ್ನು ಕಂತುಗಳಲ್ಲಿ ಪೂರೈಸಿ, ಕಂತಿನಂತೆ ಹಣ ಪಡೆಯುವ ಕರಾರು ಕ್ಷೇಮಕರ.

ಎರಡನೆಯದಾಗಿ, ಮೇವು ಮತ್ತು ಹಾಸಿನ ಪ್ರತಿ ತಂಡದ ಸರಕಿಗೂ ಪರೀಕ್ಷಾ ವರದಿ ಹಾಗೂ ದಾಖಲೆಗಳನ್ನು ಇಡಬೇಕು. ತನಿಖೆ ಬಿಗಿಯಾದಷ್ಟೂ ದಾಖಲೆಯಿಲ್ಲದ ಸರಕು ಮೊದಲು ತಿರಸ್ಕೃತವಾಗುತ್ತದೆ.

ಮೂರನೆಯದಾಗಿ, ಪಂಜರ ತಯಾರಿಕೆಯಂತಹ ಒಂದೇ ಬಾಬಿಗೆ ಸಾಲ ಮಾಡಿ ಬಂಡವಾಳ ಹೂಡುವುದು ಸೂಕ್ತವಲ್ಲ. ಜೀವಕೋಶ ಪ್ರಯೋಗಾಲಯಗಳಿಗೂ ಸ್ಟೀಲ್ ಪೀಠೋಪಕರಣ, ಶುದ್ಧ ಗಾಳಿಯ ವ್ಯವಸ್ಥೆ, ಪ್ಲಾಸ್ಟಿಕ್ ಸಲಕರಣೆಗಳು ಬೇಕೇ ಬೇಕು. ಇಂದಿನ ಯಂತ್ರಗಳಲ್ಲೇ ಅವುಗಳನ್ನೂ ತಯಾರಿಸಬಲ್ಲ ಘಟಕಕ್ಕೆ ಈ ಬದಲಾವಣೆಯು ನಷ್ಟಕ್ಕಿಂತ ಹೊಸ ಮಾರುಕಟ್ಟೆಯನ್ನೇ ಒದಗಿಸಬಹುದು.