ಚಿಕ್ಕ ಕಾಲೇಜಿನಲ್ಲಿ ಭಾಷಾಭ್ಯಾಸ

ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿ ನಮ್ಮ ಊರುಗಳಲ್ಲಿ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ‘ಅದನ್ನು ಓದಿ ಏನು ಮಾಡುತ್ತೀಯಪ್ಪ?’ ಎಂಬುದು ಮೊದಲನೆಯದು. ‘ಓದುವುದೇ ಆದರೆ ಮೈಸೂರಿಗೋ ಧಾರವಾಡಕ್ಕೋ ಹೋಗಬಾರದಿತ್ತೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳಿದವರು ಹಲವರಿದ್ದಾರೆ. ಚಿಕ್ಕ ಕಾಲೇಜೆಂದರೆ ದೊಡ್ಡ ಕಾಲೇಜಿನ ಬಡ ನಕಲು ಎಂಬ ನಂಬಿಕೆ ಎರಡನೆಯದರ ಹಿಂದಿದೆ. ಅದನ್ನು ಇಲ್ಲಿ ತುಸು ಪರಿಶೀಲಿಸೋಣ.

ಕೊರತೆಗಳು ಉಂಟು. ಪುಸ್ತಕಭಂಡಾರ ಚಿಕ್ಕದು. ಅಧ್ಯಾಪಕರು ಇಬ್ಬರೋ ಮೂವರೋ. ಹಳಗನ್ನಡ, ಛಂದಸ್ಸು, ವ್ಯಾಕರಣ, ನವ್ಯಕಾವ್ಯ ಎಲ್ಲವನ್ನೂ ಅವರೇ ಹಂಚಿಕೊಳ್ಳಬೇಕು. ತರಗತಿಯಲ್ಲಿ ಎಂಟು ಹತ್ತು ಮಂದಿ. ಆದರೆ ಭಾಷಾಭ್ಯಾಸಕ್ಕೆ ಈ ಸಂಖ್ಯೆಯೇ ಹಿತವಾದುದು. ಚಂಪೂಕಾವ್ಯದ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ, ಸಂಧಿ ಬಿಡಿಸಿ, ಅನ್ವಯಕ್ಕೆ ತಂದು, ಗಣವಿಭಾಗ ಮಾಡುವ ಸರದಿ ಪ್ರತಿಯೊಬ್ಬನಿಗೂ, ಪ್ರತಿಯೊಬ್ಬಳಿಗೂ ಬರಬೇಕು. ನೂರು ಜನರ ಕೊಠಡಿಯಲ್ಲಿ ಉಪನ್ಯಾಸ ನಡೆದೀತು, ಇಂಥ ಓದು ನಡೆಯಲಾರದು.

ಇದಕ್ಕಿಂತ ಮಿಗಿಲಾದ ಸಂಪತ್ತು ವಿದ್ಯಾರ್ಥಿಗಳ ನಾಲಗೆಯ ಮೇಲಿದೆ. ಕಾಸರಗೋಡನ್ನೇ ನೋಡಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಪ್ರದೇಶ ಕೇರಳಕ್ಕೆ ಸೇರಿತು. ಮರುವರ್ಷವೇ ಅಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಅಂಥ ಗಡಿನಾಡಿನ ಕನ್ನಡ ತರಗತಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಮನೆಮಾತಿನವರು ಒಂದೇ ಬೆಂಚಿನಲ್ಲಿ ಕುಳಿತಿರಬಹುದು.

ಹಳಗನ್ನಡದ ‘ಪುಲಿ’, ‘ಪೂ’, ‘ಪಾಲ್’ ಎಂಬ ಶಬ್ದಗಳು ಮುಂದೆ ‘ಹುಲಿ’, ‘ಹೂ’, ‘ಹಾಲು’ ಆದುವು. ಪಕಾರ ಹಕಾರವಾಯಿತೆಂಬುದು ಬೇರೆಡೆಯ ವಿದ್ಯಾರ್ಥಿಗೆ ಪರೀಕ್ಷೆಗಾಗಿ ಕಂಠಪಾಠ ಮಾಡಬೇಕಾದ ಸೂತ್ರ. ಇಲ್ಲಿ ತುಳುವ ವಿದ್ಯಾರ್ಥಿನಿ ‘ಪಿಲಿ’ ಎನ್ನುತ್ತಾಳೆ. ಮಲಯಾಳದವನು ‘ಪುಲಿ’, ‘ಪಾಲ್’ ಎನ್ನುತ್ತಾನೆ. ಸೂತ್ರ ಕಿವಿಗೇ ಕೇಳಿಸುತ್ತದೆ. ಹಳಗನ್ನಡದ ‘ೞ’ ಅಕ್ಷರದ ಕಥೆಯೂ ಹೀಗೆಯೇ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಟ್ಟಿದ್ದಾನೆ. ಕನ್ನಡದಿಂದ ಮರೆಯಾದ ಆ ಧ್ವನಿ ಶಿಷ್ಟ ಮಲಯಾಳದಲ್ಲಿ ಇಂದಿಗೂ ಉಳಿದಿದೆ. ನಮ್ಮ ‘ಮೞೆ’ ಅಲ್ಲಿ ‘ಮೞ’. ಶಾಲೆಯಲ್ಲಿ ಮಲಯಾಳ ಕಲಿತ ಸಹಪಾಠಿಯೊಬ್ಬ ಅದನ್ನು ಉಚ್ಚರಿಸಿ ತೋರಿಸಿದರೆ ಕೇಶಿರಾಜನ ಪಟ್ಟಿಗೆ ಜೀವ ಬರುತ್ತದೆ. ಹಾಗೆಂದು ತುಳು, ಮಲಯಾಳಗಳು ಕನ್ನಡದ ಹಳೆಯ ರೂಪಗಳೆಂದು ಭಾವಿಸಬಾರದು. ಅವು ತಮ್ಮದೇ ಚರಿತ್ರೆಯುಳ್ಳ ಸೋದರ ಭಾಷೆಗಳು. ಈ ವಿವೇಕವನ್ನೂ ತರಗತಿಯೇ ಕಲಿಸಬೇಕು.

ಸಾಹಿತ್ಯಕ್ಕೆ ಬಂದರೂ ಇದೇ ಮಾತು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದು ಕನ್ನಡ ಕವಿತೆಗೆ ಹೊಸ ದಾರಿ ತೋರಿತು. ಬಿ.ಎ. ಪದವಿಯನ್ನು ಪೂರೈಸದ ಗೋವಿಂದ ಪೈಗಳು ಮಂಜೇಶ್ವರದಲ್ಲಿಯೇ ಕುಳಿತು ಹಲವು ಭಾಷೆಗಳನ್ನು ಸಾಧಿಸಿದರು. ಏಸುವಿನ ಕೊನೆಯ ದಿನವನ್ನು ವಸ್ತುವಾಗಿಸಿಕೊಂಡ ‘ಗೊಲ್ಗೊಥಾ’ವನ್ನು ಬರೆದರು. ಎರಡು ಭಾಷೆಗಳು ಒಂದು ಮನಸ್ಸಿನಲ್ಲಿ ಸಂಧಿಸಿದಾಗ ಸಾಹಿತ್ಯ ಚಿಗುರುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ಅಧ್ಯಾಪಕರೆಲ್ಲ ಒಂದೇ ಕೋಣೆಯಲ್ಲಿ ಚಹಾ ಕುಡಿಯುವ ಚಿಕ್ಕ ಕಾಲೇಜಿನಲ್ಲಿ ಇಂಥ ಸಂಧಿಗೆ ಅವಕಾಶ ಹೆಚ್ಚು. ನೆರೆಭಾಷೆಯ ಸಣ್ಣಕಥೆಯೊಂದನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೆಲ್ಲ ಸೇರಿ ಕನ್ನಡಕ್ಕೆ ತಂದರೆ, ಹತ್ತು ಉಪನ್ಯಾಸಗಳು ಕಲಿಸದುದನ್ನು ಅದೊಂದು ಕೆಲಸ ಕಲಿಸೀತು.

ಸಂಖ್ಯೆ ಸಾಲದೆಂದು ಇಂಥ ತರಗತಿಯನ್ನು ಮುಚ್ಚುವ ಮಾತು ಬಂದಾಗ ಇದನ್ನೆಲ್ಲ ನೆನೆಯಬೇಕು. ಅನುಕೂಲವಂತರ ಮಕ್ಕಳು ನಗರಕ್ಕೆ ಹೋಗಿ ಓದಿಯಾರು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳಲೇಬೇಕಾದ ಹಳ್ಳಿಯ ಹುಡುಗಿಗೆ ಹತ್ತಿರದ ಕಾಲೇಜಿನಲ್ಲಿ ಇಲ್ಲದ ವಿಷಯವೆಂದರೆ ಲೋಕದಲ್ಲಿಯೇ ಇಲ್ಲದ ವಿಷಯ. ಅವಳ ಮನೆಮಾತೂ ಕೇಶಿರಾಜನ ವ್ಯಾಕರಣವೂ ಪರಸ್ಪರ ಭೇಟಿಯಾಗಬಲ್ಲ ಸ್ಥಳ ಆ ಎಂಟು ಹತ್ತು ಮಂದಿಯ ಕೊಠಡಿ. ಹಾಜರಿ ಪುಸ್ತಕದ ಎಣಿಕೆಯೊಂದರಿಂದಲೇ ಅದರ ಬೆಲೆಯನ್ನು ಕಟ್ಟಲಾಗದು.