ಪಾಠಶಾಲೆಗಳ ಅಂತರರಾಷ್ಟ್ರೀಯ ಸಹಯೋಗವೂ ಪೌರಶಿಕ್ಷಣವೂ

‘ಪೌರ’ನೆಂದರೆ ಪುರದಲ್ಲಿ ವಾಸಿಸುವವನೆಂಬುದು ಶಬ್ದದ ಮೂಲಾರ್ಥ. ಕಾಲಕ್ರಮದಲ್ಲಿ ಈ ಶಬ್ದವು ಪುರದ ಎಲ್ಲೆಯನ್ನು ದಾಟಿ, ರಾಜ್ಯದಲ್ಲಿ ಹಕ್ಕುಬಾಧ್ಯತೆಗಳುಳ್ಳ ವ್ಯಕ್ತಿಯನ್ನು ಸೂಚಿಸುವುದಾಗಿದೆ. ಪಾಠಶಾಲೆಗಳಲ್ಲಿ ಪೌರನೀತಿಯೆಂಬ ಹೆಸರಿನಿಂದ ಕಲಿಸುವುದು ಬಹುಮಟ್ಟಿಗೆ ಈ ಹಕ್ಕುಬಾಧ್ಯತೆಗಳ ಪಟ್ಟಿಯನ್ನೇ. ಪಟ್ಟಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಆದರೆ ಅನ್ಯಾಯವನ್ನು ಕಂಡಾಗ ಅದನ್ನು ಗುರುತಿಸುವ ಶಕ್ತಿಯೂ, ಗುರುತಿಸಿದ ಬಳಿಕ ಇತರರೊಡನೆ ಕೂಡಿ ಕೆಲಸಮಾಡುವ ಅಭ್ಯಾಸವೂ ಬಾಯಿಪಾಠದಿಂದ ಬರತಕ್ಕವಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ೨೦ನೆಯ ಶತಮಾನದಲ್ಲಿ ನಡೆದ ಪ್ರಯೋಗಗಳಲ್ಲಿ, ಬೇರೆಬೇರೆ ದೇಶಗಳ ಪಾಠಶಾಲೆಗಳು ಒಂದೇ ವಿಷಯವನ್ನು ಜೊತೆಗೂಡಿ ಅಭ್ಯಾಸಮಾಡುವುದೂ ಒಂದು. ಅದರ ಸ್ವರೂಪವೇನು, ಅದರಿಂದ ನಿಜವಾಗಿ ದೊರೆಯುವುದೇನು, ಅದು ಎಲ್ಲಿ ವ್ಯರ್ಥವಾಗುವುದು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

೧

ವಿಶ್ವಸಂಸ್ಥೆಯ ಮಹಾಸಭೆಯು ೧೯೪೮ನೆಯ ಇಸವಿ ಡಿಸೆಂಬರ್ ೧೦ರಂದು ಪ್ಯಾರಿಸ್ ನಗರದಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ೪೮ ರಾಷ್ಟ್ರಗಳು ಅನುಕೂಲವಾಗಿ ಮತವಿತ್ತುವು. ೮ ರಾಷ್ಟ್ರಗಳು ತಟಸ್ಥವಾಗಿ ಉಳಿದುವು. ಈ ಹಕ್ಕುಗಳಲ್ಲಿ ಗೌರವವು ಬೋಧನೆಯಿಂದಲೂ ಶಿಕ್ಷಣದಿಂದಲೂ ಬೆಳೆಯಬೇಕೆಂಬ ಮಾತು ಘೋಷಣೆಯ ಪೀಠಿಕೆಯಲ್ಲಿಯೇ ಇದೆ. ೨೬ನೆಯ ವಿಧಿಯು ಇನ್ನೂ ಮುಂದೆ ಹೋಗಿ, ರಾಷ್ಟ್ರರಾಷ್ಟ್ರಗಳ ನಡುವೆ ತಿಳಿವಳಿಕೆಯನ್ನೂ ಸ್ನೇಹವನ್ನೂ ಬೆಳೆಸುವುದು ಶಿಕ್ಷಣದ ಗುರಿಗಳಲ್ಲೊಂದೆಂದು ವಿಧಿಸುತ್ತದೆ.

ಈ ಮಾತುಗಳನ್ನು ತರಗತಿಯ ಕೆಲಸವಾಗಿ ಮಾಡುವುದಕ್ಕೆ ಯುನೆಸ್ಕೋ ಸಂಸ್ಥೆಯು ೧೯೫೩ರಲ್ಲಿ ಸಹಯೋಗಿ ಪಾಠಶಾಲೆಗಳ ಯೋಜನೆಯೊಂದನ್ನು ಆರಂಭಿಸಿತು. ಮೊದಲು ಸೇರಿದವು ೧೫ ದೇಶಗಳ ೩೩ ಪ್ರೌಢಶಾಲೆಗಳು ಮಾತ್ರ. ಮಾನವ ಹಕ್ಕುಗಳು, ಸ್ತ್ರೀಯರ ಹಕ್ಕುಗಳು, ಪರದೇಶಗಳ ಪರಿಚಯ ಇವು ಅಭ್ಯಾಸದ ವಿಷಯಗಳಾಗಿದ್ದುವು. ಮುಂದೆ ಈ ಬಳಗವು ಸಾವಿರಾರು ಶಾಲೆಗಳಿಗೆ ವ್ಯಾಪಿಸಿತು. ಆದರೆ ಯೋಜನೆಯ ಸತ್ತ್ವವನ್ನು ತಿಳಿಯಬೇಕಾದರೆ ಸಂಖ್ಯೆಗಿಂತ ಕೆಲಸದ ರೀತಿಯನ್ನು ನೋಡುವುದು ಒಳ್ಳೆಯದು.

೨

ಇದಕ್ಕೆ ಅತ್ಯುತ್ತಮವಾದ ನಿದರ್ಶನವು ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರವನ್ನು ಕುರಿತು ೧೯೯೮ರಲ್ಲಿ ಮೊದಲಾದ ಅಭ್ಯಾಸ. ಆಫ್ರಿಕಾ, ಯೂರೋಪು, ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ಶಾಲೆಗಳು ಇದರಲ್ಲಿ ಕೂಡಿದುವು. ‘ಮೌನವನ್ನು ಮುರಿಯುವುದು’ ಎಂಬುದು ಅದರ ಧ್ಯೇಯವಾಕ್ಯ.

ಮೌನವೆಂಬ ಶಬ್ದವು ಇಲ್ಲಿ ಸಾರ್ಥಕವಾಗಿದೆ. ೧೬ನೆಯ ಶತಮಾನದಿಂದ ೧೯ನೆಯ ಶತಮಾನದವರೆಗೆ ಸುಮಾರು ೧ ಕೋಟಿ ೨೫ ಲಕ್ಷ ಮಂದಿ ಆಫ್ರಿಕನರನ್ನು ಹಡಗುಗಳಲ್ಲಿ ತುಂಬಿ ಸಾಗಿಸಲಾಯಿತೆಂದು ಚರಿತ್ರಕಾರರ ಅಂದಾಜು. ಆದರೆ ಮೂರು ತೀರಗಳಿಗೂ ಈ ಸಂಗತಿಯನ್ನು ಹೇಳದೆ ಬಿಡುವುದಕ್ಕೆ ಒಂದೊಂದು ಕಾರಣವಿದ್ದಿತು. ಲಿವರ್‌ಪೂಲ್, ನಾಂಟ್ ಮೊದಲಾದ ರೇವುಪಟ್ಟಣಗಳ ಐಶ್ವರ್ಯದಲ್ಲಿ ಈ ವ್ಯಾಪಾರದ ಪಾಲು ದೊಡ್ಡದು. ಆಫ್ರಿಕದ ಕೆಲವು ಅರಸರೂ ವರ್ತಕರೂ ಸೆರೆಯಾಳುಗಳನ್ನು ಮಾರಿದವರು. ಕಡಲಾಚೆ ಬಾಳಿದವರ ಸಂತತಿಗೆ ಆ ನೆನಪೇ ನೋವು. ಒಂದು ದೇಶದ ಚರಿತ್ರೆಯ ಪುಸ್ತಕವು ಮಾತ್ರ ಕೈಯಲ್ಲಿರುವ ವಿದ್ಯಾರ್ಥಿಗೆ ತನ್ನ ತೀರದ ಮೌನವು ಕೇಳಿಸುವುದೇ ಇಲ್ಲ. ರೇವುಪಟ್ಟಣದ ವಿದ್ಯಾರ್ಥಿಯು ಹಳೆಯ ಲೆಕ್ಕಪುಸ್ತಕದಲ್ಲಿ ಸರಕಿನ ಬೆಲೆಯನ್ನು ಓದಬಲ್ಲನು. ಆ ಸರಕು ಮನುಷ್ಯರೆಂಬುದನ್ನು, ಘಾನಾದೇಶದ ಎಲ್ಮಿನಾ ಕೋಟೆಯ ನೆಲಮಾಳಿಗೆಯನ್ನು ಕಣ್ಣಾರೆ ಕಂಡ ಮತ್ತೊಬ್ಬ ವಿದ್ಯಾರ್ಥಿಯು ಬರೆದು ತಿಳಿಸಿದಾಗ ಅವನಿಗಾಗುವ ಅರಿವು ಬೇರೆಯದು. ಕೆರಿಬಿಯನ್ ಶಾಲೆಯಿಂದ ಬರುವ ವೃತ್ತಾಂತವು ಮೂರನೆಯದೊಂದು ಸತ್ಯವನ್ನು ಸೇರಿಸುತ್ತದೆ: ದಾಸ್ಯಕ್ಕೆ ಒಳಗಾದವರು ಸುಮ್ಮನೆ ಸಹಿಸಿಕೊಂಡಿರಲಿಲ್ಲ, ೧೭೯೧ರ ಆಗಸ್ಟಿನಲ್ಲಿ ಸ್ಯಾನ್ ದೊಮಿಂಗ್ ದ್ವೀಪಭಾಗದಲ್ಲಿ ಬಂಡೆದ್ದು, ೧೮೦೪ರಲ್ಲಿ ಹೈಟಿಯೆಂಬ ಸ್ವತಂತ್ರ ರಾಜ್ಯವನ್ನೇ ಕಟ್ಟಿದರು.

ಪರದೇಶದ ಶಾಲೆಯು ಇಲ್ಲಿ ಕುತೂಹಲದ ವಸ್ತುವಲ್ಲ, ಸಾಕ್ಷಿ. ತಾನು ಹೇಳಿದುದನ್ನು ಒಪ್ಪದೆ ಮರುಪ್ರಶ್ನೆ ಹಾಕಬಲ್ಲ ಸಮವಯಸ್ಕನಿಗೆ ಉತ್ತರಕೊಡಬೇಕಾದಾಗಲೇ ಹಕ್ಕೆಂಬ ಶಬ್ದವು ಪಟ್ಟಿಯಿಂದ ಕೆಳಗಿಳಿದು ವಿಚಾರಕ್ಕೆ ಬರುವುದು.

೩

ಘೋಷಣೆಯ ೨೯ನೆಯ ವಿಧಿಯು ಸಮಾಜದ ವಿಷಯದಲ್ಲಿ ಪ್ರತಿಯೊಬ್ಬರಿಗೂ ಇರುವ ಕರ್ತವ್ಯವನ್ನು ನೆನಪಿಗೆ ತರುತ್ತದೆ. ಇದರ ಅಭ್ಯಾಸಕ್ಕೆ ೧೯೮೯ರಲ್ಲಿ ಫಿನ್ಲೆಂಡಿನವರು ಮುಂದಾಗಿ ಆರಂಭಿಸಿದ ಬಾಲ್ಟಿಕ್ ಸಮುದ್ರದ ಯೋಜನೆಯನ್ನು ಹೇಳಬಹುದು. ಆ ಸಮುದ್ರದ ಸುತ್ತಲಿನ ದೇಶಗಳು ಆಗಿನ್ನೂ ರಾಜಕೀಯವಾಗಿ ಎರಡು ಪಾಳೆಯಗಳಾಗಿದ್ದುವು. ಕಲುಷಿತವಾಗುತ್ತಿದ್ದ ನೀರು ಮಾತ್ರ ಒಂದೇ. ವಿವಿಧ ದೇಶಗಳ ವಿದ್ಯಾರ್ಥಿಗಳು ಒಂದೇ ಕ್ರಮದಿಂದ ನೀರಿನ ಗುಣವನ್ನೂ ಕರಾವಳಿಯ ಸ್ಥಿತಿಯನ್ನೂ ಪರೀಕ್ಷಿಸಿ ಫಲಿತಾಂಶಗಳನ್ನು ಹೋಲಿಸುವುದು ಅದರ ಕ್ರಮ. ತನ್ನ ಊರಿನ ಹೊಲಸು ನೆರೆಯವನ ತೀರಕ್ಕೆ ಮುಟ್ಟುವುದೆಂಬುದನ್ನು ತಾನೇ ಅಳೆದು ಕಂಡ ವಿದ್ಯಾರ್ಥಿಗೆ ಕರ್ತವ್ಯವೆಂಬುದು ಉಪದೇಶವಾಗಿ ಉಳಿಯುವುದಿಲ್ಲ.

೪

ಭಾಷೋಪಾಧ್ಯಾಯರಿಗೆ ಈ ಕಾರ್ಯದಲ್ಲಿ ವಿಶೇಷವಾದ ಸ್ಥಾನವಿದೆ. ಘೋಷಣೆಯ ಮೊದಲನೆಯ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂಬ ಅರ್ಥವನ್ನೂ ಕೊಡಬಲ್ಲ ಇಂಗ್ಲಿಷ್ ಶಬ್ದವಿದ್ದಿತು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಅವರು ಇದನ್ನು ಆಕ್ಷೇಪಿಸಿ, ‘ಎಲ್ಲ ಮಾನವಜೀವಿಗಳೂ’ ಎಂಬರ್ಥದ ಪದವು ಬರುವಂತೆ ಮಾಡಿದರು. ಆದರೂ ಇಂಗ್ಲಿಷ್ ಪಾಠದ ೨೫ನೆಯ ವಿಧಿಯಲ್ಲಿ ಪುಲ್ಲಿಂಗದ ಸರ್ವನಾಮವು ಉಳಿದೇ ಇದೆ. ಕನ್ನಡದಲ್ಲಿ ‘ಮಾನವರು’ ಎಂಬ ಬಹುವಚನವು ಸ್ತ್ರೀಪುರುಷರಿಬ್ಬರನ್ನೂ ಸಹಜವಾಗಿ ಒಳಗೊಳ್ಳುತ್ತದೆ. ಏಕವಚನಕ್ಕೆ ಬಂದೊಡನೆ ‘ಪ್ರತಿಯೊಬ್ಬನಿಗೂ’ ಎನ್ನಬೇಕೋ ‘ಪ್ರತಿಯೊಬ್ಬರಿಗೂ’ ಎನ್ನಬೇಕೋ ಎಂಬ ಪ್ರಶ್ನೆ ಏಳುತ್ತದೆ. ಕನ್ನಡ ಶಾಲೆಯ ವಿದ್ಯಾರ್ಥಿಗಳು ಒಂದು ವಿಧಿಯನ್ನು ತಮ್ಮ ಮಾತಿಗೆ ತಂದು, ಬೇರೆ ನುಡಿಯ ಶಾಲೆಯವರು ಮಾಡಿದ ಅನುವಾದದೊಡನೆ ಹೋಲಿಸಿದರೆ, ವ್ಯಾಕರಣದ ಪಾಠವೇ ಸಮಾನತೆಯ ಪಾಠವಾಗುವುದು. ‘ಹಕ್ಕು’ ಎಂಬ ಶಬ್ದವೇ ಅರಬ್ಬೀ ಮೂಲದ್ದೆಂದೂ, ಅಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ಇದೆಯೆಂದೂ ತಿಳಿಯುವುದು ಇಂಥ ಅಭ್ಯಾಸಕ್ಕೆ ಒಳ್ಳೆಯ ಪ್ರಾರಂಭ.

೫

ಈ ಮಾರ್ಗದಲ್ಲಿ ದೋಷಗಳಿಗೂ ಅವಕಾಶವುಂಟು. ಧ್ವಜ, ಉಡಿಗೆತೊಡಿಗೆ, ತಿಂಡಿತಿನಿಸುಗಳ ಪ್ರದರ್ಶನದಲ್ಲಿಯೇ ಸಹಯೋಗವು ಮುಗಿದರೆ ಹಕ್ಕಿನ ವಿಚಾರವು ಬಾಗಿಲಲ್ಲೇ ನಿಲ್ಲುವುದು. ಧನಿಕ ದೇಶದ ಶಾಲೆಯು ಕೊಡುವುದೆಂದೂ ಬಡ ದೇಶದ ಶಾಲೆಯು ಕೈಯೊಡ್ಡುವುದೆಂದೂ ಏರ್ಪಟ್ಟರೆ ಸಮಾನತೆಯ ಹೆಸರಿನಲ್ಲಿ ಅಸಮಾನತೆಯೇ ಅಭ್ಯಾಸವಾಗುವುದು. ಇವೆಲ್ಲಕ್ಕಿಂತ ದೊಡ್ಡ ದೋಷವು ಮನೆಯೊಳಗಿನದು. ವಿಶ್ವಸಂಸ್ಥೆಯು ೧೯೮೯ರಲ್ಲಿ ಅಂಗೀಕರಿಸಿದ, ಭಾರತವು ೧೯೯೨ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ವಿಧಿಯಂತೆ, ಮಗುವಿಗೆ ತನ್ನನ್ನು ಮುಟ್ಟುವ ವಿಷಯಗಳಲ್ಲಿ ಅಭಿಪ್ರಾಯವನ್ನು ಹೇಳುವ ಅಧಿಕಾರವಿದೆ. ಅದನ್ನು ವಯಸ್ಸಿಗೂ ಬುದ್ಧಿಯ ಪಕ್ವತೆಗೂ ತಕ್ಕಂತೆ ಮನ್ನಿಸಬೇಕು. ದೂರದೇಶದ ಗೆಳೆಯರಿಗೆ ವಾಕ್‌ಸ್ವಾತಂತ್ರ್ಯವನ್ನು ಕುರಿತು ಸೊಗಸಾಗಿ ಬರೆಯುವ ವಿದ್ಯಾರ್ಥಿಯು ಶಾಲೆಯ ಕುಡಿಯುವ ನೀರಿನ ತೊಂದರೆಯನ್ನು ಮುಖ್ಯೋಪಾಧ್ಯಾಯರೊಡನೆ ಹೇಳಲು ಹೆದರುವನಾದರೆ, ಆ ಬರಹದಿಂದ ಅವನು ಕಲಿತುದು ಬೂಟಾಟಿಕೆಯನ್ನು. ಆದುದರಿಂದ ಸಹಯೋಗಕ್ಕೆ ಕೈಹಾಕುವ ಉಪಾಧ್ಯಾಯರು ಪರದೇಶಕ್ಕೆ ಮೊದಲನೆಯ ಪತ್ರವನ್ನು ಕಳುಹಿಸುವುದಕ್ಕೆ ಮುಂಚೆ, ತಮ್ಮ ತರಗತಿಯಲ್ಲಿಯೇ ಮಕ್ಕಳ ಮಾತಿಗೆ ಎಷ್ಟು ಬೆಲೆಯಿದೆಯೆಂಬುದನ್ನು ನೋಡಿಕೊಳ್ಳುವುದು ಅವಶ್ಯಕ.